ಕದೀಜಮ್ಮನ ಮುಂದೆ ನಾನಿಟ್ಟ ಪುಸ್ತಕ

ಕದೀಜಮ್ಮನಿಗೆ ಅರಬಿ ಅಕ್ಷರ ಬರುವುದಿಲ್ಲ ಎಂದು ಊರಿಗೆಲ್ಲ ತೋರಿಸಿಕೊಟ್ಟವನು ನಾನು. ಇದು ಗುಟ್ಟಲ್ಲ. ಆ ದಿನ ಅಲ್ಲಿದ್ದವರಿಗೆಲ್ಲ ಗೊತ್ತು. ಅದಕ್ಕಾಗಿ ನನ್ನ ಬೆನ್ನು ತಟ್ಟಿದವರೂ ಇದ್ದರು. ಗುಟ್ಟು ಬೇರೆ. ಅದಾದ ಹತ್ತನೆಯ ದಿನ ನನಗೆ ಇನ್ನೊಂದು ಸಂಗತಿ ತಿಳಿಯಿತು — ಕದೀಜಮ್ಮ ಯಾರು ಎಂಬುದು. ಅದನ್ನು ನಾನು ಊರಿಗೆ ಹೇಳಲಿಲ್ಲ. ಹೇಳಿದ್ದೇನೆ ಎಂದು ನನ್ನ ಗುರುಗಳಿಗೆ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆಯೇ ಕುಳಿತು ನಲವತ್ತು ವರ್ಷ ಊರಿನ ಮಕ್ಕಳಿಗೆ ಕುರ್‌ಆನ್ ಓದಿಸಿದೆ.

ಬರೆದ ಮೇಲೆ ಮತ್ತೆ ಓದಿ ನೋಡಿದೆ. ಇದು ನಾನೇ ಮಾಡಿದ್ದೇ? — ಹೌದು, ನಾನೇ. ಇಷ್ಟು ವರ್ಷವಾದರೂ ಈ ಮಾತು ನೆನಪಾದಾಗೆಲ್ಲ ಮೊದಲ ಸಲ ಕೇಳಿದವನಂತೆ ಬೆಚ್ಚಿಬೀಳುತ್ತೇನೆ.

ನಮ್ಮ ಊರು ಕಡಬದಿಂದ ಒಂದು ಗಂಟೆಯ ನಡಿಗೆ. ಇಪ್ಪತ್ತು ಇಪ್ಪತ್ತೈದು ಬ್ಯಾರಿ ಮನೆಗಳು, ಒಂದು ಸಣ್ಣ ಮಸೀದಿ. ನನ್ನ ತಂದೆ ಒಣಮೀನಿನ ವ್ಯಾಪಾರಿ. ಮಸೀದಿಯ ಹಿಂದಿನ ಮುಳಿಹುಲ್ಲಿನ ಮನೆಯಲ್ಲಿ ಕದೀಜಮ್ಮ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರಿನ ಹೆಣ್ಣುಮಕ್ಕಳೆಲ್ಲ, ಎಂಟು ವರ್ಷದವರೆಗೆ ಗಂಡುಮಕ್ಕಳೂ, ಕುರ್‌ಆನ್ ಕಲಿತದ್ದು ಅವರ ಜಗಲಿಯಲ್ಲಿ. ನನ್ನ ತಾಯಿ ಕಲಿತದ್ದೂ ಅಲ್ಲೇ. ಗುರುವಾರ ಮಕ್ಕಳು ಒಯ್ದು ಕೊಡುತ್ತಿದ್ದ ಅಕ್ಕಿ, ತೆಂಗಿನಕಾಯಿ, ಒಂದಿಷ್ಟು ಒಣಮೀನು — ಅವರ ಜೀವನ ನಡೆಯುತ್ತಿದ್ದದ್ದು ಅಷ್ಟರಲ್ಲೇ.

ಅಲ್ಲಿ ಹಲಗೆಯ ಮೇಲೆ ಅಕ್ಷರ ತಿದ್ದಿಸುವುದು ದೊಡ್ಡ ಹುಡುಗಿಯರ ಕೆಲಸ. ಅಕ್ಷರ ಕೂಡಿಸಲು ಬಂದ ಮೇಲೆ ಮಗು ಕದೀಜಮ್ಮನ ಎದುರು ಕೂರಬೇಕು. ಅವರು ಓದಿದಂತೆ ಓದಬೇಕು. ಎಲ್ಲ ಕಡೆ ದೊಡ್ಡ ಮಕ್ಕಳು ಸಣ್ಣವರಿಗೆ ಹೇಳಿಕೊಡುವುದೇ ಕ್ರಮ, ಹಾಗಾಗಿ ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಅವರ ಮುಂದೆ ಮಡಚುವ ಮರದ ಪೀಠ, ಅದರ ಮೇಲೆ ತೆರೆದ ಕುರ್‌ಆನ್. ಪುಟ ತಿರುಗಿಸುತ್ತಾ ಓದಿಸುತ್ತಿದ್ದರು. ಎಷ್ಟೋ ಸಲ ನಮ್ಮನ್ನು ಓದಲು ಬಿಟ್ಟು ಒಳಗೆ ಅಕ್ಕಿ ತೊಳೆಯಲು ಹೋಗುತ್ತಿದ್ದರು. ಜಗಲಿಯಲ್ಲಿ ನಾವು ಒಂದು ಸ್ವರ ತಪ್ಪಿದರೆ ಒಲೆಯ ಹತ್ತಿರದಿಂದಲೇ ತಿದ್ದುತ್ತಿದ್ದರು. ನಾವು ಮಕ್ಕಳೆಲ್ಲ ಇದನ್ನು ದಿನಾ ಕೇಳಿದವರು — ಆದರೂ ಯಾರಿಗೂ ಏನೂ ಹೊಳೆಯಲಿಲ್ಲ.

ಹನ್ನೊಂದನೆಯ ವಯಸ್ಸಿಗೆ ನನ್ನನ್ನು ಪುತ್ತೂರಿನ ಒಂದು ಮಸೀದಿಯ ದರ್ಸಿಗೆ ಸೇರಿಸಿದರು. ದರ್ಸ್ ಎಂದರೆ ಮಸೀದಿಯಲ್ಲೇ ಇದ್ದು ಗುರುಗಳ ಹತ್ತಿರ ಕಿತಾಬು ಓದುವುದು. ಊಟಕ್ಕೆ ಒಬ್ಬೊಬ್ಬನಿಗೆ ಒಂದೊಂದು ಮನೆ ಗೊತ್ತುಮಾಡಿರುತ್ತಾರೆ; ನನ್ನ ಪಾಲಿಗೆ ದರ್ಬೆಯ ಒಂದು ಮನೆ ಬಂದಿತ್ತು. ಆರು ವರ್ಷ ಅಲ್ಲಿ ಅರಬಿ ವ್ಯಾಕರಣ ಕಲಿತೆ. ಒಂದು ಕ್ರಿಯಾಪದ ಹೇಳಿದರೆ ಅದರ ಎಲ್ಲ ರೂಪಗಳನ್ನೂ ಉಸಿರು ಬಿಡದೆ ಹೇಳುತ್ತಿದ್ದೆ. ಯಾವ ಅಕ್ಷರ ಗಂಟಲಿನ ಯಾವ ಭಾಗದಿಂದ ಹೊರಡಬೇಕು, ಎಲ್ಲಿ ಎಷ್ಟು ಎಳೆಯಬೇಕು, ಎಲ್ಲಿ ಮೂಗಿನಲ್ಲಿ ಗುಂಯ್‌ಗುಡಿಸಬೇಕು — ಎಲ್ಲ ಕಲಿತೆ. ಕಲಿತದ್ದು ತಲೆಗೇರಿತು. ರಜೆಯಲ್ಲಿ ಊರಿಗೆ ಬಂದರೆ ಇಮಾಮರ ಓದಿಗೂ ಮೂಗು ಮುರಿಯುತ್ತಿದ್ದೆ. ಇದನ್ನು ನೆನೆದರೆ ಈಗ ನಗು ಬರುತ್ತದೆ. ಆದರೆ ಮುಂದಿನದಕ್ಕೆ ನಗು ಬರುವುದಿಲ್ಲ.

ಐವತ್ತರ ದಶಕದ ಕೊನೆ. ನನಗೆ ಹದಿನೇಳು. ರಜೆಯಲ್ಲಿ ಮನೆಗೆ ಬಂದಿದ್ದೆ. ನನ್ನ ತಂಗಿ ನಫೀಸಾ ಕದೀಜಮ್ಮನ ಹತ್ತಿರ ಕುರ್‌ಆನಿನ ಮೂವತ್ತು ಭಾಗಗಳನ್ನೂ ಓದಿ ಮುಗಿಸುವುದರಲ್ಲಿದ್ದಳು. ಒಂದು ಬೆಳಿಗ್ಗೆ ಕದೀಜಮ್ಮ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ತಾಯಿಯ ಜೊತೆ ಕುಳಿತಿದ್ದರು. ಹೊರಗೆ ಜಗಲಿಯಲ್ಲಿ ತಂದೆ, ಅವರ ಇಬ್ಬರು ಸ್ನೇಹಿತರು. ಓದಿ ತೋರಿಸು ಎಂದರು ತಂದೆ. ನಾನು ಕಣ್ಣು ಮುಚ್ಚಿಕೊಂಡು, ಇಲ್ಲದ ಗಾಂಭೀರ್ಯ ತಂದುಕೊಂಡು, ಬಾಯಿಪಾಠ ಬರುತ್ತಿದ್ದ ಒಂದು ಭಾಗ ಓದತೊಡಗಿದೆ. ಕುರ್‌ಆನಿನಲ್ಲಿ ಒಂದನ್ನೊಂದು ಹೋಲುವ ವಾಕ್ಯಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಒಂದರಿಂದ ಹೊರಟವನು ತಿಳಿಯದೆ ಇನ್ನೊಂದರೊಳಗೆ ಜಾರಿಬಿಡುವುದುಂಟು. ನಾನು ಜಾರಿದೆ. ಒಳಗಿನಿಂದ ಕದೀಜಮ್ಮನ ಧ್ವನಿ ಬಂತು.

“ಅದು ಇಲ್ಲಿಯದ್ದಲ್ಲ ಮೋನೆ. ಅದು ಬೇರೆ ಸೂರಃದ್ದು. ಇಲ್ಲಿ ಬೇರೆ ಉಂಟು.” ಎಂದವರೇ ಅಲ್ಲಿ ಇರಬೇಕಾದ ವಾಕ್ಯ ಓದಿದರು. ಸೂರಃ ಎಂದರೆ ಅಧ್ಯಾಯ; ಮೋನೆ ಎಂದರೆ ನಮ್ಮಲ್ಲಿ ಮಗನೇ ಎಂದು. ನನ್ನನ್ನು ಅವರು ಯಾವಾಗಲೂ ಕರೆಯುತ್ತಿದ್ದದ್ದು ಹಾಗೆಯೇ.

ನಾನು ಒಪ್ಪಲಿಲ್ಲ. ಕುರ್‌ಆನ್ ತರಿಸಿ ತೆರೆದು ನೋಡಿದೆ. ಅವರದ್ದೇ ಸರಿ. ತಂದೆಯ ಸ್ನೇಹಿತರು ನಕ್ಕರು — ಕೆಟ್ಟದ್ದಾಗಿ ಅಲ್ಲ, ದೊಡ್ಡವರು ಹುಡುಗರನ್ನು ನೋಡಿ ನಗುವ ಹಾಗೆ. ನನ್ನ ಮುಖ ಕಾದುಹೋಯಿತು. ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಕೇಳಿದೆ, “ಎಲ್ಲುಂಟು ತೋರಿಸಿ, ಈ ಪುಟದಲ್ಲಿ ಎಲ್ಲಿ?” ಬೇಕೆಂದೇ ಕೇಳಿದ್ದು. ಅವರ ಬೆರಳು ಪುಟದ ಮೇಲೆ ಸುಮ್ಮನೆ ಓಡಾಡಿತು. “ಕಣ್ಣು ಮಂಜು ಮೋನೆ, ಕಾಣುದಿಲ್ಲ” ಎಂದರು. ಅದೇ ಬೆಳಿಗ್ಗೆ ನನ್ನ ಕಣ್ಣೆದುರೇ ತಾಯಿಯ ಸೂಜಿಗೆ ನೂಲು ಪೋಣಿಸಿಕೊಟ್ಟವರು ಅವರು.

ನನಗೆ ಅರ್ಥವಾಯಿತು. ಅಲ್ಲ — ಅರ್ಧ ಅರ್ಥವಾಯಿತು. ಅವರಿಗೆ ಓದಲು ಬರುವುದಿಲ್ಲ ಎನ್ನುವುದಷ್ಟೇ ಕಂಡಿತು. ಹಾಗಾದರೆ ನನ್ನ ತಪ್ಪು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ...

ನಫೀಸಾಳ ಓದು ಮುಗಿದ ದಿನ ಮನೆಯಲ್ಲಿ ಔತಣ. ಒಂದು ಮಗು ಕುರ್‌ಆನ್ ಮುಗಿಸಿದರೆ ಓದಿಸಿದವರನ್ನು ಕರೆದು ಕೂರಿಸಿ, ಅವರಿಂದ ಒಂದು ಅಧ್ಯಾಯ ಓದಿಸಿ, ಹೊಸ ಸೀರೆ ಕೊಟ್ಟು ಕಳಿಸುವುದು ನಮ್ಮಲ್ಲಿ ಪದ್ಧತಿ. ಬೆಳಿಗ್ಗೆ ಹತ್ತು ಗಂಟೆ. ಒಳಗೆ ಹೆಂಗಸರು ತುಂಬಿದ್ದರು. ಜಗಲಿಯಲ್ಲಿ ಮಸೀದಿಯ ಹಿರಿಯರು. ನಡುಮನೆಯಲ್ಲಿ ಮರದ ಪೀಠದ ಮೇಲೆ ಹಸಿರು ಬಟ್ಟೆಯಲ್ಲಿ ಸುತ್ತಿದ ಕುರ್‌ಆನ್. ಅವರೆಲ್ಲ ಒಳಗೆ ಬರುವ ಮೊದಲು, ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ, ನಾನು ಆ ಬಟ್ಟೆ ಬಿಚ್ಚಿದೆ. ಕುರ್‌ಆನನ್ನು ಎತ್ತಿ ಪೆಟ್ಟಿಗೆಯಲ್ಲಿ ಇಟ್ಟೆ. ಪುತ್ತೂರಿನಿಂದ ತಂದಿದ್ದ ನನ್ನ ವ್ಯಾಕರಣದ ಕಿತಾಬನ್ನು ಅದೇ ಬಟ್ಟೆಯಲ್ಲಿ ಸುತ್ತಿ ಪೀಠದ ಮೇಲಿಟ್ಟೆ. ಕೈ ನಡುಗಲಿಲ್ಲ. ಹೌದು, ಒಂದಿಷ್ಟೂ ನಡುಗಲಿಲ್ಲ.

ಕದೀಜಮ್ಮ ಬಂದು ಕುಳಿತರು. ಬಟ್ಟೆ ಬಿಚ್ಚಿದರು. ಪುಸ್ತಕವನ್ನು ಹಣೆಗೆ ಒತ್ತಿಕೊಂಡು, ಮುತ್ತಿಟ್ಟು, ತೆರೆದರು. ಯಾಸೀನ್ ಅಧ್ಯಾಯ ಓದತೊಡಗಿದರು. ಅಷ್ಟು ಚೆಂದದ ಓದು ಆರು ವರ್ಷದಲ್ಲಿ ನಾನು ಪುತ್ತೂರಿನಲ್ಲೂ ಕೇಳಿರಲಿಲ್ಲ. ಎಳೆಯಬೇಕಾದಲ್ಲಿ ಎಳೆತ, ನಿಲ್ಲಬೇಕಾದಲ್ಲಿ ನಿಲುವು. ನಡುನಡುವೆ ಪುಟ ತಿರುಗಿಸುತ್ತಿದ್ದರು — ಕ್ರಿಯಾಪದದ ರೂಪಗಳ ಪಟ್ಟಿಯಿದ್ದ ಪುಟಗಳನ್ನು. ಪಕ್ಕದಲ್ಲಿ ಕುಳಿತ ನಫೀಸಾ ಪುಟದ ಮೇಲೆ ಕಣ್ಣಾಡಿಸಿದಳು. ಅವಳಿಗೆ ಓದಲು ಬರುತ್ತಿತ್ತಲ್ಲ! ಅವಳ ಮುಖದ ಬಣ್ಣ ಇಳಿಯಿತು. ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ಹನ್ನೊಂದು ವರ್ಷದ ಹುಡುಗಿ. ಅವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

ಓದು ಮುಗಿಯಿತು. ನಾನು ಒಳಗೆ ಹೋಗಿ ಪುಸ್ತಕ ಎತ್ತಿ ಹಿಡಿದೆ. ಜಗಲಿಗೂ ಕೇಳುವಂತೆ ಹೇಳಿದೆ:

“ಇದು ಕುರ್‌ಆನ್ ಅಲ್ಲ. ನನ್ನ ವ್ಯಾಕರಣದ ಕಿತಾಬು. ಇವರಿಗೆ ಒಂದು ಅಕ್ಷರವೂ ಬರುದಿಲ್ಲ.”

ಯಾರದೋ ಕೈಯಿಂದ ತಟ್ಟೆ ಬಿದ್ದ ಸದ್ದಾಯಿತು. ಕದೀಜಮ್ಮ ನನ್ನನ್ನು ನೋಡಲಿಲ್ಲ, ಪುಸ್ತಕವನ್ನು ನೋಡಿದರು — ತಾವು ಮುತ್ತಿಟ್ಟ ಪುಸ್ತಕವನ್ನು. ಸೆರಗಿನಿಂದ ತುಟಿ ಒರೆಸಿಕೊಂಡರು. ಆ ಒರೆಸಿಕೊಳ್ಳುವುದನ್ನು ನಾನು ಹೇಗೆ ಬರೆಯಲಿ?

“ಹೌದು ಮೋನೆ, ಅಕ್ಷರ ಗೊತ್ತಿಲ್ಲ. ಯಾರೂ ಕೇಳಲಿಲ್ಲ” ಎಂದರು. ಮತ್ತೆ, ಹೆಂಗಸರ ಕಡೆ ತಿರುಗಿ, “ಕಿತಾಬು ಎದುರು ಇಲ್ಲದಿದ್ದರೆ ನೀವು ಮಕ್ಕಳನ್ನು ಕಳಿಸುದಿಲ್ಲ ಅಂತ...” ಅಷ್ಟೇ. ಎದ್ದು ಹಿಂಬಾಗಿಲಿನಿಂದ ಹೋದರು. ಹೊಸ ಸೀರೆ ಅಲ್ಲೇ ಉಳಿಯಿತು.

ಜಗಲಿಯಲ್ಲಿ ಮಾತು ಎದ್ದಿತು. ಹಿರಿಯರೊಬ್ಬರು ಹೇಳಿದರು, “ಯಾಸೀನ್ ನನ್ನ ಹೆಂಡತಿಗೂ ಬಾಯಿಪಾಠ ಉಂಟು. ಅದರಲ್ಲಿ ಎಂತ ದೊಡ್ಡದು? ಉಳಿದದ್ದೆಲ್ಲ ಎಂತ ಓದಿಸಿದ್ದಾಳೋ ಮಾರಾಯ್ರೆ, ನಮ್ಮ ಮಕ್ಕಳ ಗತಿ ಎಂತ?” ಎಲ್ಲರೂ ಹೌದೆಂದರು. ಬೇರೆ ಒಂದು ಅಧ್ಯಾಯ ಓದಿಸಿ ನೋಡೋಣ ಎಂದು ಯಾರಿಗೂ ತೋಚಲಿಲ್ಲ. ಮರುದಿನದಿಂದ ಕದೀಜಮ್ಮನ ಜಗಲಿಗೆ ಮಕ್ಕಳು ಹೋಗಲಿಲ್ಲ, ಗುರುವಾರದ ಅಕ್ಕಿಯೂ ಹೋಗಲಿಲ್ಲ.

ನಾನು ಪುತ್ತೂರಿಗೆ ಮರಳಿದೆ. ಆ ದಿನಕ್ಕೆ ಹತ್ತನೆಯ ದಿನ. ಮಧ್ಯಾಹ್ನದ ಪಾಠ ಮುಗಿದ ಮೇಲೆ ಇದನ್ನು ಗೆಳೆಯರಿಗೆ ನಗುತ್ತಾ ಹೇಳುತ್ತಿದ್ದೆ. ಉಸ್ತಾದರು — ನಮ್ಮ ಗುರುಗಳು, ಕೇರಳದ ಕಡೆಯವರು, ಮಾತು ಕಮ್ಮಿ — ಕೇಳಿಸಿಕೊಂಡು ಹತ್ತಿರ ಕರೆದರು.

“ಪುಸ್ತಕ ಇಲ್ಲದೆ ಯಾಸೀನ್ ಪೂರ್ತಿ ಓದಿದರಾ?”

“ಹೌದು ಉಸ್ತಾದ್.”

“ಮಕ್ಕಳಿಗೆ ಎಷ್ಟು ಓದಿಸುತ್ತಾರೆ?”

“ಮೂವತ್ತೂ.”

ನೀನು ಓದಿದ್ದನ್ನು ಎಂದಾದರೂ ತಿದ್ದಿದ್ದರಾ ಎಂದು ಉಸ್ತಾದರು ಕೇಳಿದರು. ನಾಚಿಕೆಯಾದರೂ ಅಡುಗೆಮನೆಯ ಸಂಗತಿ ಹೇಳಿದೆ. ಎಲ್ಲಿಂದ ಎಲ್ಲಿಗೆ ಜಾರಿದೆ ಎಂದು ಕೇಳಿದರು. ಹೇಳಿದೆ. ಅವರು ಎದ್ದು ನಿಂತರು. ನಾನು ಅವರನ್ನು ಹಾಗೆ ನೋಡಿದ್ದೇ ಇಲ್ಲ.

“ಆ ಜಾಗ ಮೂವತ್ತು ಭಾಗವೂ ಎದೆಯಲ್ಲಿ ಇದ್ದವರಿಗೆ ಮಾತ್ರ ಗೊತ್ತಾಗುದು. ಅವರು ಹಾಫಿಝ್. ಕೇಳಿತಾ ನಿನಗೆ? ಹಾಫಿಝ್! ರಂಝಾನಿಗೆ ಒಬ್ಬ ಹಾಫಿಝ್ ಸಿಗುದಿಲ್ಲ ಅಂತ ನಾವು ಎಲ್ಲೆಲ್ಲಿಗೆ ಕಾಗದ ಬರೆಯುತ್ತೇವೆ. ನಿನ್ನ ಮನೆಯ ಹಿತ್ತಲಲ್ಲಿ ಒಬ್ಬರು ಇದ್ದರು. ನೀನು ಅವರ ಬಾಯಿ ಮುಚ್ಚಿಸಿ ಬಂದೆ!”

ಕುರ್‌ಆನನ್ನು ಇಡೀ ಬಾಯಿಪಾಠವಾಗಿ ಉಳಿಸಿಕೊಂಡವರನ್ನು ಹಾಫಿಝ್ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ. ಓದಲು ಬರುವವರು ಊರಿಗೆ ಹತ್ತು ಜನ ಸಿಗುತ್ತಾರೆ, ನಾನೂ ಸೇರಿ. ಮೊದಲಿಗೆ ಅದು ಇಳಿದು ಬಂದದ್ದೇ ಬಾಯಿಂದ ಬಾಯಿಗೆ, ಕಾಗದದ ಮೇಲೆ ಅಲ್ಲ — ಇದನ್ನು ದಿನಾ ಪಾಠದಲ್ಲಿ ಒಪ್ಪಿಸುತ್ತಿದ್ದವನು ನಾನೇ! ಇದ್ದಕ್ಕಿದ್ದಂತೆ ಅಕ್ಕಿ ತೊಳೆಯುತ್ತಾ ತಿದ್ದುತ್ತಿದ್ದ ಆ ಧ್ವನಿ ಕೇಳಿಸಿತು. ನಾನು ಅಷ್ಟು ವರ್ಷ ಕೇಳಿಯೂ ಕೇಳಿರಲಿಲ್ಲ.

“ಇವತ್ತೇ ಹೊರಡು. ನಾಳೆ ಶುಕ್ರವಾರ. ಜುಮಾ ನಮಾಝ್ ಆದ ಮೇಲೆ ಎದ್ದು ನಿಂತು ಊರವರಿಗೆ ಹೇಳು. ಆಮೇಲೆ ಅವರ ಮನೆಗೆ ಹೋಗು” ಎಂದರು ಉಸ್ತಾದರು.

ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಹೇಳಿಯೇ ತೀರುತ್ತೇನೆ ಎಂದಿತ್ತು, ನಂಬಿ. ಶುಕ್ರವಾರ ನಮಾಝ್ ಮುಗಿಯಿತು. ಏಳಲು ಮೊಣಕಾಲಿನ ಮೇಲೆ ಕೈ ಊರಿದ್ದೆ. ಅಷ್ಟರಲ್ಲಿ, ಔತಣದ ದಿನ ಜಗಲಿಯಲ್ಲಿ ಮಾತಾಡಿದ್ದ ಆ ಹಿರಿಯರೇ ಎದ್ದು ನಿಂತರು. ಮಕ್ಕಳ ಓದು ಇನ್ನು ಮಸೀದಿಯ ಜಗಲಿಯಲ್ಲಿ ಎಂದರು. ಓದಿಸಲು ನಮ್ಮ ಊರಿನವನೇ, ವ್ಯಾಕರಣ ಬಲ್ಲವನು ಇದ್ದಾನೆ ಎಂದರು. ನನ್ನ ಹೆಸರು ಹೇಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ತಂದೆಯ ಮುಖದಲ್ಲಿ ಆ ಹೆಮ್ಮೆ — ಒಣಮೀನಿನ ಬುಟ್ಟಿ ಹೊತ್ತ ಮನುಷ್ಯನ ಮಗ ಊರಿನ ಉಸ್ತಾದ! ಮೊಣಕಾಲಿನಿಂದ ಕೈ ತೆಗೆದೆ. ಕುಳಿತೇ ಇದ್ದೆ.

ತಂದೆಯ ಮುಖ ನೋಡಿ ಸುಮ್ಮನಾದೆ ಎಂದರೆ ಅದೂ ಸುಳ್ಳು. ನನಗೆ ಆ ಜಾಗ ಬೇಕಿತ್ತು.

ಪುತ್ತೂರಿಗೆ ಹೋಗಿ, “ಹೇಳಿದೆ ಉಸ್ತಾದ್” ಎಂದೆ. ಅವರು ಎರಡೂ ಕೈಯೆತ್ತಿ ನನಗಾಗಿ ದುಆ ಮಾಡಿದರು. ಅದೇ ವರ್ಷ ಕಾಯಿಲೆಯಾಗಿ ತಮ್ಮ ಊರಿಗೆ ಹೋದರು, ಮರಳಿ ಬರಲಿಲ್ಲ. ನಾನು ದರ್ಸ್ ಬಿಟ್ಟು, ಮಕ್ಕಳನ್ನು ಓದಿಸಲು ಊರಿಗೆ ಬಂದೆ.

ಕದೀಜಮ್ಮನೂ ಊರು ಬಿಟ್ಟರು. ಅವರ ತಮ್ಮ ಕೊಲ್ಲಮೊಗ್ರು ಕಡೆ ಕಾಡಿನ ಅಂಚಿನಲ್ಲಿ ಯಾರದೋ ಗದ್ದೆ ಗೇಣಿಗೆ ಮಾಡುತ್ತಿದ್ದ. ಅವನು ಬಂದು ಅವರ ಪಾತ್ರೆ ಪಗಡೆ ಕಟ್ಟಿ ತಲೆಯ ಮೇಲೆ ಹೊತ್ತು ಕರೆದುಕೊಂಡು ಹೋದ. ನಮ್ಮ ಮನೆಯ ಮುಂದಿನಿಂದಲೇ ಹೋದರು. ನಾನು ಒಳಗಿದ್ದೆ.

ಇನ್ನೂ ಒಂದು ಉಂಟು. ಮೊದಲ ದಿನ ಮಸೀದಿಯ ಜಗಲಿಯಲ್ಲಿ ಕದೀಜಮ್ಮನ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಓದಿಸಿ ನೋಡಿದೆ. ತಪ್ಪು ಹುಡುಕಿದೆ — ಸಿಕ್ಕಿದರೆ ನನ್ನ ಮನಸ್ಸಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಒಂದೂ ಸಿಗಲಿಲ್ಲ. ಆದರೂ ಎಲ್ಲರನ್ನೂ ಮೊದಲ ಅಕ್ಷರದಿಂದ ಮತ್ತೆ ಶುರುಮಾಡಿಸಿದೆ. ನಫೀಸಾ ಮಾತ್ರ ಬರಲಿಲ್ಲ. ತಂದೆ ಗದರಿದರೂ ಬರಲಿಲ್ಲ. “ನಾನು ಓದಿ ಆಗಿದೆ” ಎಂದಳು.

ಏಳೆಂಟು ವರ್ಷ ಕಳೆಯಿತು. ನಫೀಸಾಳನ್ನು ಸುಳ್ಯಕ್ಕೆ ಮದುವೆ ಮಾಡಿಕೊಟ್ಟಿದ್ದೆವು. ಒಮ್ಮೆ ತವರಿಗೆ ಬಂದವಳು ನನ್ನನ್ನು ಪಕ್ಕಕ್ಕೆ ಕರೆದಳು. ಅಣ್ಣನನ್ನು ನಮ್ಮಲ್ಲಿ ಕಾಕ ಎನ್ನುತ್ತಾರೆ. “ಕಾಕ, ನಾನು ಕದೀಜಮ್ಮನನ್ನು ನೋಡಿ ಬಂದೆ. ಓದಲಿಕ್ಕೆ ಹೇಳಿದೆ. ಓದುದಿಲ್ಲ ಅಂದರು. ನೀನೇ ಒಮ್ಮೆ ಹೋಗಬೇಕು.” ಆ ದಿನದ ಬಗ್ಗೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಹೋದೆ. ಬಸ್ಸು ಇಳಿದು ತುಂಬ ನಡೆಯಬೇಕಿತ್ತು. ಮನೆಯ ಮುಂದೆ ಭತ್ತ ಒಣಗಲು ಹಾಕಿತ್ತು. ಕದೀಜಮ್ಮ ಮೆಟ್ಟಿಲಿನ ಮೇಲೆ ಕುಳಿತು ಕೋಲಿನಿಂದ ಕೋಳಿ ಓಡಿಸುತ್ತಿದ್ದರು. ಬಹಳ ಸಣ್ಣಗಾಗಿದ್ದರು. ನನ್ನ ಗುರುತು ಹತ್ತಿದ ಕೂಡಲೇ ಎದ್ದು ನಿಂತರು — ನನ್ನೆದುರು, ಅವರು! “ಓ, ಉಸ್ತಾದ ಬಂದದ್ದಾ? ಬನ್ನಿ, ಕೂತುಕೊಳ್ಳಿ” ಎಂದರು. ಮೋನೆ ಎನ್ನಲಿಲ್ಲ. ಬಹುವಚನ ಹಾಕಿದರು.

ಈಗ ಓದುವುದಿಲ್ಲವೇ ಎಂದು ಕೇಳಿದೆ.

“ಇಲ್ಲ. ನೀವು ಅವತ್ತು ಹೇಳಿದ್ದು ಸರಿ. ಅಕ್ಷರ ಗೊತ್ತಿಲ್ಲದವಳು ಓದಬಾರದು. ನನ್ನ ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಸಣ್ಣವಳಿದ್ದಾಗ ನಾನೇ ಅವರ ಕೈ ಹಿಡಿದು ನಡೆಸುದು. ಅವರು ಓದುತ್ತಾ ನಡೆಯುದು, ನಾನು ಹಿಂದಿನಿಂದ ಹೇಳುದು. ಹಾಗೆ ಬಂದದ್ದು. ಅದು ಕಲಿತದ್ದು ಅಂತ ಆಗುತ್ತದಾ? ಇಲ್ಲಿಗೆ ಬಂದ ಮೇಲೆ ಬಿಟ್ಟೆ. ಕೆಲಸ ಮಾಡುವಾಗ ಬಾಯಿಗೆ ಬರುತ್ತಿತ್ತು. ಹರಾಮು, ಪಾಪ ಅಂತ ಬಾಯಿ ಕಚ್ಚಿ ಹಿಡಿಯುತ್ತಿದ್ದೆ. ಈಗ ಬರುದೂ ಇಲ್ಲ. ನಮಾಝಿಗೆ ಬೇಕಾದ್ದು ನಾಲ್ಕು ಸಣ್ಣದು ಉಂಟು, ಅಷ್ಟೇ.”

ಯಾಸೀನ್ ಒಮ್ಮೆ ಓದಿ ಎಂದು ಬೇಡಿಕೊಂಡೆ. ಶುರುಮಾಡಿದರು. ಏಳೆಂಟು ವಾಕ್ಯ ಹೋಯಿತು, ನಿಂತಿತು. ಮತ್ತೆ ಮೊದಲಿನಿಂದ ಬಂದರು. ಅಲ್ಲೇ ನಿಂತಿತು. ನನ್ನ ಕಡೆ ನೋಡಿ ನಾಚಿಕೆಯಿಂದ ನಕ್ಕರು.

ಊರಿನಿಂದ ಓಡಿಸಿದೆ, ಅನ್ನ ಕಿತ್ತುಕೊಂಡೆ — ಅಷ್ಟೇ ಮಾಡಿದ್ದೇನೆ ಎಂದುಕೊಂಡಿದ್ದೆ. ಒಂದು ಇಡೀ ಕುರ್‌ಆನ್ ಅಳಿಸಿಹೋಗಿತ್ತು. ಅಳಿಸಿದವನು ನಾನು, ಕುರ್‌ಆನ್ ಓದಿಸುವವನು.

ಹೇಳಿದೆ. ಉಸ್ತಾದರು ಆಡಿದ ಮಾತು, ಹಾಫಿಝ್ ಎಂಬ ಹೆಸರು, ಅದು ಹರಾಮಲ್ಲ, ಎಲ್ಲಕ್ಕಿಂತ ದೊಡ್ಡದು ಎಂದು — ಎಲ್ಲ ಹೇಳಿದೆ. ಅವರು ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು. ಕೋಳಿಗಳು ಭತ್ತಕ್ಕೆ ನುಗ್ಗಿದವು, ಓಡಿಸಲಿಲ್ಲ.

“ಇದು ನಿನಗೆ ಯಾವಾಗ ಗೊತ್ತಾದದ್ದು?” ಎಂದರು.

“ಹತ್ತು ದಿನಕ್ಕೆ.”

“ಹತ್ತು ದಿನಕ್ಕಾ?” ಅವರು ನನ್ನನ್ನು ನಂಬದೆ ನೋಡಿದರು. ಬೆರಳು ಮಡಚಿ ಲೆಕ್ಕ ಹಾಕಿದರು. ಮತ್ತೆ ಮೆಲ್ಲಗೆ, “ಆಗ ನನಗೆ ಎಲ್ಲ ಬರುತ್ತಿತ್ತಲ್ಲ, ಮೋನೆ” ಎಂದರು.

ಬೈಯಲಿಲ್ಲ. ಒಳಗೆ ಹೋಗಿ ಬೆಲ್ಲದ ಚಹಾ ಮಾಡಿ ತಂದುಕೊಟ್ಟರು. ಕುಡಿದು ಬಂದೆ. ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಮುಂದಿನ ಮಳೆಗಾಲದೊಳಗೆ ಅವರು ತೀರಿಕೊಂಡರು.

ಕದೀಜಮ್ಮ ಎಂತ ಹೇಳಿದರು ಎಂದು ನಫೀಸಾ ಕೇಳಿದ್ದಳು. “ಏನಿಲ್ಲ, ಚಹಾ ಕೊಟ್ಟರು” ಎಂದೆ. ಅದಾದ ಮೇಲೂ ಬೆಳಿಗ್ಗೆ ಎದ್ದು ಮಸೀದಿಯ ಜಗಲಿಗೆ ಹೋಗಿ ಮಕ್ಕಳನ್ನು ಎದುರು ಕೂರಿಸಿಕೊಂಡೆ. ಊರವರು ಉಸ್ತಾದ ಎಂದರೆ ಓಗೊಟ್ಟೆ. ಹೇಗೆ ಸಾಧ್ಯವಾಯಿತು ಎಂದು ಕೇಳಬೇಡಿ, ನನಗೇ ತಿಳಿದಿಲ್ಲ.

ಕದೀಜಮ್ಮನ ಜಗಲಿಯಲ್ಲಿ ಕಲಿತ ಹುಡುಗಿಯರು ಈಗ ಅಜ್ಜಿಯಂದಿರು. ಕೆಲವರು ಇನ್ನೂ ಇದ್ದಾರೆ; ತಮಗೆ ಸುಳ್ಳು ಓದು ಓದಿಸಿದ್ದರು ಎಂದು ಇವತ್ತಿಗೂ ನಂಬಿದ್ದಾರೆ. ಈ ಶುಕ್ರವಾರ ಜುಮಾ ಆದ ಮೇಲೆ ಎದ್ದು ನಿಂತು ಇದನ್ನು ಓದುತ್ತೇನೆ. ಅದಕ್ಕೂ ಮೊದಲು ನಾಳೆ ಸುಳ್ಯಕ್ಕೆ ಹೋಗುತ್ತೇನೆ. ನಫೀಸಾಳ ಎದುರು ಕುಳಿತು, ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ — ಕದೀಜಮ್ಮ ಆಡಿದ ಆ ಒಂದು ಮಾತನ್ನು, ಅವರು ಆಡಿದ ಹಾಗೆಯೇ. ಕೇಳಿದ ಮೇಲೆ ಅವಳು ನನ್ನನ್ನು ಕಾಕ ಎಂದು ಕರೆಯದಿದ್ದರೆ, ಕರೆಯದಿರಲಿ.